ಹೇಳಿಟ್ಟ ಹೊತ್ತಿಗೆ ಆಗುವ ಕೆಲಸ

ಕುಷ್ಟಗಿ, ಯಲಬುರ್ಗಾ ಕಡೆಯ ಗ್ರಾಮ ಪಂಚಾಯ್ತಿಗಳಲ್ಲಿ ಒಂದು ಮಳೆಮಾಪಕ ಯಂತ್ರ ನಿಂತಿದೆ. ಅದಕ್ಕೆ ಕಾವಲುಗಾರನಿಲ್ಲ, ಅಳತೆ ಬರೆದುಕೊಳ್ಳುವ ಗುಮಾಸ್ತನೂ ಇಲ್ಲ. ಬಿಸಿಲಿನಿಂದಲೇ ತನಗೆ ಬೇಕಾದ ವಿದ್ಯುತ್ತನ್ನು ಪಡೆಯುವ ಈ ಯಂತ್ರ ಹದಿನೈದು ನಿಮಿಷಕ್ಕೊಮ್ಮೆ ಮಳೆಯ ಲೆಕ್ಕವನ್ನು ಬೆಂಗಳೂರಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಮೊಬೈಲ್ ಜಾಲದ ಮೂಲಕ ಕಳಿಸುತ್ತದೆ. ರಾಜ್ಯದಲ್ಲಿ ಇಂಥ ಮಾಪಕಗಳು ಆರು ಸಾವಿರಕ್ಕೂ ಹೆಚ್ಚು ಇವೆ. 1988ರಲ್ಲಿ ಬರಗಾಲದ ಮೇಲೆ ಕಣ್ಣಿಡಲು ಹುಟ್ಟಿದ ಒಂದು ಚಿಕ್ಕ ಘಟಕವೇ ಬೆಳೆದು ಈ ಕೇಂದ್ರವಾಗಿದೆ.

ಹದಿನೈದು ನಿಮಿಷಕ್ಕೊಮ್ಮೆ ಎಂದರೆ ದಿನಕ್ಕೆ 96 ಸಲ. ಹಗಲಾಗಲಿ ಇರುಳಾಗಲಿ, ಯುಗಾದಿಯಾಗಲಿ ಭಾನುವಾರವಾಗಲಿ, ಈ ಕೆಲಸ ನಿಲ್ಲುವಂತಿಲ್ಲ. ‘ಈಗ ಅಳೆ, ಈಗ ಕಳಿಸು’ ಎಂದು ಯಾರೂ ದಿನಕ್ಕೆ 96 ಸಲ ಹೇಳುವುದಿಲ್ಲ. ಎಂದೋ ಒಮ್ಮೆ ಬರೆದಿಟ್ಟ ಆಜ್ಞೆ ಅದು. ಬರೆದವರು ಬೇರೆ ಊರಿಗೆ ವರ್ಗವಾಗಿ ಹೋಗಿದ್ದರೂ, ಕೆಲಸ ಬಿಟ್ಟಿದ್ದರೂ ಆಜ್ಞೆ ಮಾತ್ರ ತನ್ನ ಪಾಡಿಗೆ ತಾನು ನಡೆಯುತ್ತಲೇ ಇರುತ್ತದೆ.

ಅಪ್ಪಣೆ ಕೊಟ್ಟವನು ಎದುರಿಗೆ ಇಲ್ಲದಿದ್ದರೂ ಹೇಳಿಟ್ಟ ಹೊತ್ತಿಗೆ ಕೆಲಸ ಆಗಬೇಕು ಎಂಬುದು ಮನುಷ್ಯನ ಹಳೆಯ ಆಸೆ. ಬಟ್ಟಲು, ಗಂಟೆ, ರೈಲು, ಕಾಲುವೆ, ಕೊನೆಗೆ ಕಂಪ್ಯೂಟರು ಎಂಬ ಕ್ರಮದಲ್ಲಿ ಆ ಆಸೆ ಕೈಗೂಡುತ್ತ ಬಂದಿದೆ. ಪ್ರತಿಯೊಂದು ಹಂತದಲ್ಲೂ ಅದೇ ಎರಡು ಪ್ರಶ್ನೆಗಳು ಎದುರಾಗಿವೆ: ಹೊತ್ತು ಯಾರದು? ಕೆಲಸ ಆಗದಿದ್ದರೆ ತಿಳಿಯುವುದು ಹೇಗೆ?

ಮುಳುಗುವ ಬಟ್ಟಲು

ಗಡಿಯಾರ ಬರುವ ಮೊದಲು ನಮ್ಮಲ್ಲಿ ಗಳಿಗೆ ಬಟ್ಟಲು ಇತ್ತು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರು ತುಂಬಿದ ಪಾತ್ರೆಯಲ್ಲಿ ತೇಲಿಬಿಡುತ್ತಿದ್ದರು. ತೂತಿನಿಂದ ನೀರು ಒಳಸೇರಿ ಬಟ್ಟಲು ಮುಳುಗಿದರೆ ಒಂದು ಗಳಿಗೆ. ಹಗಲು ರಾತ್ರಿ ಸೇರಿ 60 ಗಳಿಗೆ. ಇಂದಿನ ಲೆಕ್ಕದಲ್ಲಿ ಒಂದು ಗಳಿಗೆ ಎಂದರೆ 24 ನಿಮಿಷ. ಮದುವೆಯ ಮುಹೂರ್ತಕ್ಕೆ ಪುರೋಹಿತರು ಗಳಿಗೆ ಬಟ್ಟಲನ್ನು ಇಡಿಸುತ್ತಿದ್ದ ಸಂಪ್ರದಾಯವನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ‘ಗಡಿಯಾರ’ ಎಂಬ ಶಬ್ದದ ಬೇರು ಕೂಡ ಗಳಿಗೆಯನ್ನು ಸೂಚಿಸುವ ‘ಘಟಿ’ಯಲ್ಲಿಯೇ ಇದೆ.

ಆದರೆ ಬಟ್ಟಲು ತಾನಾಗಿ ಏನನ್ನೂ ಮಾಡುವುದಿಲ್ಲ. ಅದು ಮುಳುಗಿದ್ದನ್ನು ಒಬ್ಬ ನೋಡಬೇಕು, ಜಾಗಟೆ ಬಾರಿಸಬೇಕು, ಬಟ್ಟಲನ್ನು ಬರಿದು ಮಾಡಿ ಮತ್ತೆ ತೇಲಿಬಿಡಬೇಕು. ಅವನು ತೂಕಡಿಸಿದರೆ ಊರಿನ ಹೊತ್ತೇ ತಪ್ಪಿತು. ಅಂದರೆ ಕಾಲವನ್ನು ಅಳೆಯುವುದು ಬಟ್ಟಲಾದರೂ, ಕಾಲಕ್ಕೆ ಸರಿಯಾಗಿ ಕೆಲಸ ಮಾಡುವವನು ಮನುಷ್ಯನೇ ಆಗಿದ್ದ. ಇವೆರಡನ್ನೂ ಒಂದೇ ಯಂತ್ರಕ್ಕೆ ಒಪ್ಪಿಸಲು ಬಹಳ ಕಾಲ ಹಿಡಿಯಿತು.

ಕೊಪ್ಪಳದ ಸೂರ್ಯ, ರೈಲಿನ ಗಡಿಯಾರ

ಎರಡು ಊರುಗಳ ನಡುವೆ ಕೆಲಸ ಹಂಚಿಕೊಂಡಾಗ ಹೊಸ ತೊಡಕು ಹುಟ್ಟಿತು. ಒಂದೊಂದು ಊರಿಗೂ ಸೂರ್ಯ ನೆತ್ತಿಗೆ ಬರುವ ಹೊತ್ತು ಬೇರೆ. ಎತ್ತಿನ ಬಂಡಿಯ ಕಾಲದಲ್ಲಿ ಇದರಿಂದ ಯಾರಿಗೂ ನಷ್ಟವಿರಲಿಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಮೀಟರ್‌ಗೇಜ್ ಹಳಿ ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ ದಾರಿಯಾಗಿ ಗುಂತಕಲ್ ಕಡೆಗೆ ಹೋದಾಗ ಮಾತು ಬದಲಾಯಿತು. ಒಂದೇ ಹಳಿಯ ಮೇಲೆ ಎದುರುಬದುರು ಬರುವ ಎರಡು ಗಾಡಿಗಳು ಬೇರೆ ಬೇರೆ ಹೊತ್ತನ್ನು ನಂಬಿದರೆ ಅಪಘಾತ ಕಟ್ಟಿಟ್ಟ ಬುತ್ತಿ. ಅದಕ್ಕಾಗಿ ಅಂದಿನ ಭಾರತದ ರೈಲುಗಳೆಲ್ಲ ಮದರಾಸು ಕಾಲವನ್ನು ಅನುಸರಿಸುತ್ತಿದ್ದವು. ಅಲ್ಲಿನ ವೀಕ್ಷಣಾಲಯದ ಕಾಲಸೂಚನೆ ತಂತಿಯ ಮೂಲಕ ನಿಲ್ದಾಣಗಳನ್ನು ತಲುಪುತ್ತಿತ್ತು.

1906ರ ಜನವರಿ 1ರಿಂದ ಈಗಿನ ಭಾರತೀಯ ಶಿಷ್ಟ ಕಾಲ ಜಾರಿಗೆ ಬಂತು. ಇದು 82.5 ಡಿಗ್ರಿ ಪೂರ್ವ ರೇಖಾಂಶದ ಕಾಲ. ಗ್ರೀನಿಚ್ ಕಾಲಕ್ಕಿಂತ ಐದೂವರೆ ಗಂಟೆ ಮುಂದು. ಕೊಪ್ಪಳ ಇರುವುದು 76 ಡಿಗ್ರಿಯ ಆಸುಪಾಸಿನಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಎಣಿಸಿದರೆ ನಮ್ಮ ಸೂರ್ಯ ನಮ್ಮ ಕೈಗಡಿಯಾರಕ್ಕಿಂತ ಸುಮಾರು 25 ನಿಮಿಷ ಹಿಂದೆ ಇದ್ದಾನೆ. ಹಳೆಯ ಮಾತಿನಲ್ಲಿ ಹೇಳುವುದಾದರೆ ಹೆಚ್ಚುಕಡಿಮೆ ಒಂದು ಗಳಿಗೆ. ಎರಡನೇ ಮಹಾಯುದ್ಧದ ವೇಳೆ, 1942ರಿಂದ 1945ರವರೆಗೆ, ದೇಶದ ಗಡಿಯಾರವನ್ನು ಇನ್ನೂ ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ದೂ ಉಂಟು.

‘ಹೊತ್ತು’ ಎಂಬುದು ಪ್ರಕೃತಿಯಿಂದ ಸಿಕ್ಕಿದ್ದಲ್ಲ, ಒಪ್ಪಂದದಿಂದ ಬಂದದ್ದು ಎಂಬುದು ಇದರಿಂದ ಸ್ಪಷ್ಟ. ವೇಳಾಪಟ್ಟಿ ಬರೆಯುವ ಮೊದಲು ಯಾವ ಗಡಿಯಾರದ ವೇಳೆ ಎಂದು ತೀರ್ಮಾನವಾಗಬೇಕು. ಕಂಪ್ಯೂಟರಿನ ಕಾಲದಲ್ಲೂ ಈ ಪ್ರಶ್ನೆ ಹೋಗಿಲ್ಲ.

ಕಾಲುವೆಯ ಸರದಿ

ಹೇಳಿಟ್ಟ ಹೊತ್ತಿನ ಕೆಲಸ ಎಂದರೇನು ಎಂಬುದು ಗಂಗಾವತಿಯ ರೈತರಿಗೆ ಬಿಡಿಸಿ ಹೇಳಬೇಕಾದ ವಿಷಯವಲ್ಲ. 1945ರ ಫೆಬ್ರುವರಿಯಲ್ಲಿ ನದಿಯ ಎರಡೂ ದಂಡೆಗಳಲ್ಲಿ ಅಡಿಗಲ್ಲು ಬಿದ್ದು, 1953ರಲ್ಲಿ ಕಾಲುವೆಗೆ ನೀರು ಹರಿಸಿದ ತುಂಗಭದ್ರಾ ಯೋಜನೆಯ ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರ್. ಮುನಿರಾಬಾದಿನಲ್ಲಿ ಹೊರಟ ನೀರು ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರು ಜಿಲ್ಲೆಯ ಕೊನೆಯ ಹೊಲವನ್ನು ಮುಟ್ಟಬೇಕು. ಇಷ್ಟು ಉದ್ದದ ಕಾಲುವೆಯಲ್ಲಿ ಎಲ್ಲರಿಗೂ ಒಮ್ಮೆಲೇ ನೀರು ಕೊಡಲಾಗದು. ನೀರಾವರಿ ಸಲಹಾ ಸಮಿತಿ ಸೇರಿ ಇಂಥ ದಿನದಿಂದ ಇಂಥ ದಿನದವರೆಗೆ, ಇಷ್ಟು ಕ್ಯುಸೆಕ್ ಎಂದು ನಿರ್ಧರಿಸುತ್ತದೆ. ನೀರು ಕಡಿಮೆಯಾದ ವರ್ಷ ‘ಆನ್ ಅಂಡ್ ಆಫ್’ ಪದ್ಧತಿ ಜಾರಿಗೆ ಬರುತ್ತದೆ. ಕೆಲವು ದಿನ ನೀರು, ಕೆಲವು ದಿನ ಬಂದ್.

ಈ ಆಜ್ಞೆಯನ್ನು ಬಿಡಿಸಿ ನೋಡಿದರೆ ಅದರಲ್ಲಿ ಮೂರು ಭಾಗಗಳಿವೆ: ಯಾವಾಗ, ಏನು, ಯಾರಿಂದ. ಇಂಥ ತಾರೀಖಿಗೆ, ಇಂಥ ವಿತರಣಾ ಕಾಲುವೆಯ ಗೇಟನ್ನು ಇಷ್ಟು ಎತ್ತಬೇಕು, ಎತ್ತುವವನು ಗ್ಯಾಂಗ್‌ಮನ್. ಮುಂದೆ ಹೇಳಲಿರುವ ಕಂಪ್ಯೂಟರಿನ ಆಜ್ಞೆಯಲ್ಲೂ ಇವೇ ಮೂರು ಭಾಗಗಳಿವೆ ಎಂಬುದನ್ನು ಓದುಗರು ನೆನಪಿಡಬೇಕು.

ಕಾಗದದ ಮೇಲಿನ ಸರದಿಗೂ ಹೊಲಕ್ಕೆ ಬಂದ ನೀರಿಗೂ ಇರುವ ಅಂತರ ಈ ಕಾಲುವೆಯ ಹಳೆಯ ಕಥೆ. ಯೋಜನೆ ರೂಪಿಸಿದವರು ಹೆಚ್ಚಿನ ಭೂಮಿಯನ್ನು ಕಡಿಮೆ ನೀರಿನ ಬೆಳೆಗಳಿಗೆಂದು ಗುರುತಿಸಿದ್ದರು. ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಗಂಗಾವತಿ ಭತ್ತದ ಕಣಜ ಎನಿಸಿತು. ಕೊನೆಯ ಭಾಗದ ರೈತರು ನೀರಿಗಾಗಿ ಬೀದಿಗಿಳಿಯುವುದು ವಾಡಿಕೆಯಾಯಿತು. ಆಜ್ಞೆ ಹೊರಟದ್ದು ಎಲ್ಲರಿಗೂ ಗೊತ್ತಿತ್ತು. ಅದು ಕೊನೆ ಮುಟ್ಟಿತೇ ಎಂಬುದು ಕೊನೆಯವನಿಗೆ ಮಾತ್ರ ಗೊತ್ತಿತ್ತು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಕ್ರೆಸ್ಟ್‌ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋದಾಗ ಇದೇ ಮಾತು ಇನ್ನೊಂದು ಬಗೆಯಲ್ಲಿ ಮನದಟ್ಟಾಯಿತು. ನೀರು ಬಿಡುವ ತಾರೀಖುಗಳು ಕಾಗದದಲ್ಲಿ ಎಷ್ಟೇ ಸ್ಪಷ್ಟವಾಗಿದ್ದರೂ ಚೈನು ಕಾಗದವನ್ನು ಓದುವುದಿಲ್ಲ.

ರಾತ್ರಿ ಪಾಳಿಯಿಂದ ಕ್ರಾನ್‌ವರೆಗೆ

1950, 60ರ ದಶಕಗಳ ದೊಡ್ಡ ಕಂಪ್ಯೂಟರುಗಳ ಸುತ್ತ ಮನುಷ್ಯರ ಓಡಾಟ ಬಹಳವಿತ್ತು. ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ಕೊಟ್ಟು ಹೋಗುವುದು, ಆಪರೇಟರು ಅವನ್ನು ಸರದಿಯಲ್ಲಿ ಯಂತ್ರಕ್ಕೆ ಉಣಿಸುವುದು, ಮರುದಿನ ಬಂದು ಫಲಿತಾಂಶ ಒಯ್ಯುವುದು, ಇದು ಅಂದಿನ ಕ್ರಮ. ಸಂಬಳದ ಪಟ್ಟಿ, ವಿದ್ಯುತ್ ಬಿಲ್ಲಿನಂಥ ದೊಡ್ಡ ಲೆಕ್ಕಗಳು ರಾತ್ರಿ ಪಾಳಿಗೆ. ಗಳಿಗೆ ಬಟ್ಟಲಿನ ಮುಂದೆ ಕುಳಿತವನಂತೆಯೇ ಇಲ್ಲಿಯೂ ಗಡಿಯಾರ ನೋಡಿ ಕೆಲಸ ಶುರು ಮಾಡುವವನು ಮನುಷ್ಯ.

1969ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಅವರ ಸಂಗಡಿಗರು ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟತೊಡಗಿದರು. ಇಲ್ಲಿ ಕಂಪ್ಯೂಟರಿನೊಂದಿಗೆ ಮಾತು ಎಂದರೆ ಒಂದು ಸಾಲು ಬರೆಯುವುದು. ಚಿತ್ರವಿಲ್ಲ, ಗುಂಡಿಯಿಲ್ಲ. ‘ಇದನ್ನು ಮಾಡು’ ಎಂದು ಬರೆದು ಎಂಟರ್ ಒತ್ತಿದರೆ ಯಂತ್ರ ಮಾಡುತ್ತದೆ. ಇದಕ್ಕೆ ಕಮಾಂಡ್ ಲೈನ್, ಅಂದರೆ ಆಜ್ಞೆಯ ಸಾಲು, ಎಂದು ಹೆಸರು. ನೋಡಲು ಒಣಒಣವಾದ ಈ ಪದ್ಧತಿಗೆ ಒಂದು ದೊಡ್ಡ ಗುಣವಿದೆ. ಒತ್ತಿದ ಗುಂಡಿಯ ಗುರುತು ಉಳಿಯುವುದಿಲ್ಲ, ಬರೆದ ಸಾಲು ಉಳಿಯುತ್ತದೆ. ಅದನ್ನು ಎತ್ತಿಡಬಹುದು, ಇನ್ನೊಬ್ಬರಿಗೆ ತೋರಿಸಬಹುದು, ನೂರಾರು ಮೈಲಿ ದೂರದ ಯಂತ್ರಕ್ಕೆ ಕಳಿಸಬಹುದು. ಮುಖ್ಯವಾಗಿ, ‘ಈಗ ಬೇಡ, ರಾತ್ರಿ ಎರಡಕ್ಕೆ ಮಾಡು’ ಎಂದು ಅದಕ್ಕೊಂದು ಹೊತ್ತು ಕಟ್ಟಬಹುದು.

1970ರ ದಶಕದ ನಡುವೆ ಯುನಿಕ್ಸಿನಲ್ಲಿ ಈ ಹೊತ್ತು ಕಟ್ಟುವ ಕೆಲಸಕ್ಕೆಂದೇ ಒಂದು ಪುಟ್ಟ ಪ್ರೋಗ್ರಾಮು ಬಂತು. ಹೆಸರು ಕ್ರಾನ್. ಕಾಲ ಎಂಬ ಅರ್ಥದ ‘ಕ್ರೊನೊಸ್’ ಎಂಬ ಗ್ರೀಕ್ ಪದದ ತುಂಡು. 1979ರ ಏಳನೇ ಆವೃತ್ತಿಯ ಯುನಿಕ್ಸಿನೊಂದಿಗೆ ಅದು ವಿಶ್ವವಿದ್ಯಾಲಯಗಳಿಗೆಲ್ಲ ಹರಡಿತು. ಕಣ್ಣಿಗೆ ಬೀಳದೆ ಹಿನ್ನೆಲೆಯಲ್ಲಿ ಸದಾ ಎಚ್ಚರವಿರುವ ಇಂಥ ಪ್ರೋಗ್ರಾಮುಗಳನ್ನು ಆ ವಲಯದಲ್ಲಿ ‘ಡೀಮನ್’ ಎನ್ನುತ್ತಾರೆ. ನಮ್ಮ ಕಥೆಗಳ ಬೇತಾಳನಂತೆ ಬೇಡಿದ ಕೆಲಸ ಮಾಡುವ ಅದೃಶ್ಯ ಆಳು ಎಂದುಕೊಳ್ಳಬಹುದು. ಒಮ್ಮೆಗೆ ಮಾತ್ರ ಆಗಬೇಕಾದ ಕೆಲಸಕ್ಕೆ ‘ಅಟ್’ ಎಂಬ ಇನ್ನೊಂದು ಆಜ್ಞೆಯಿತ್ತು. ಮತ್ತೆ ಮತ್ತೆ ಆಗಬೇಕಾದದ್ದು ಕ್ರಾನ್‌ನ ಪಾಲು.

ಐದು ಮನೆಗಳ ಪಂಚಾಂಗ

ಕ್ರಾನ್‌ಗೆ ಕೊಡುವ ಆಜ್ಞೆಗಳ ಪಟ್ಟಿಗೆ ಕ್ರಾನ್‌ಟ್ಯಾಬ್ ಎಂದು ಹೆಸರು. ಒಂದೊಂದು ಸಾಲಿಗೂ ಮೊದಲು ಐದು ಮನೆಗಳು: ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ. ಆಮೇಲೆ ಮಾಡಬೇಕಾದ ಕೆಲಸ. ಯಾವುದಾದರೂ ಮನೆಯಲ್ಲಿ ನಕ್ಷತ್ರದ ಗುರುತು ಇದ್ದರೆ ‘ಯಾವುದಾದರೂ ಸರಿ’ ಎಂದರ್ಥ. ‘30 8 * * *’ ಎಂದು ಬರೆದರೆ ಪ್ರತಿದಿನ ಬೆಳಿಗ್ಗೆ 8 ಗಂಟೆ 30 ನಿಮಿಷಕ್ಕೆ. ‘0 6 1 * *’ ಎಂದರೆ ಪ್ರತಿ ತಿಂಗಳ ಒಂದನೇ ತಾರೀಖು ಬೆಳಿಗ್ಗೆ 6ಕ್ಕೆ. ‘0 9 * * 1’ ಎಂದರೆ ಸೋಮವಾರಕ್ಕೊಮ್ಮೆ ಬೆಳಿಗ್ಗೆ 9ಕ್ಕೆ. ಹದಿನೈದು ನಿಮಿಷಕ್ಕೊಮ್ಮೆ ಬೇಕಾದರೆ ನಿಮಿಷದ ಮನೆಯಲ್ಲಿ ‘0,15,30,45’ ಎಂದು ಬರೆದರಾಯಿತು.

ಐದೇ ಮನೆಗಳಲ್ಲಿ ವರ್ಷದ ಯಾವ ನಿಮಿಷವನ್ನಾದರೂ ಹಿಡಿಯಬಲ್ಲ ಈ ಬರವಣಿಗೆ ಅರ್ಧ ಶತಮಾನವಾದರೂ ಹೆಚ್ಚು ಬದಲಾಗಿಲ್ಲ. ಆದರೂ ಅದಕ್ಕೆ ಎಟುಕದ ಸಂಗತಿಗಳಿವೆ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾರಥೋತ್ಸವ ನಡೆಯುವುದು ಪುಷ್ಯ ಬಹುಳ ಬಿದಿಗೆಯಂದು. 2024ರಲ್ಲಿ ಅದು ಜನವರಿ 27ಕ್ಕೆ ಬಂತು, 2025ರಲ್ಲಿ ಜನವರಿ 15ಕ್ಕೆ. ಕ್ರಾನ್‌ಗೆ ತಿಥಿ ಗೊತ್ತಿಲ್ಲ, ಹುಣ್ಣಿಮೆ ಅಮಾವಾಸ್ಯೆ ಗೊತ್ತಿಲ್ಲ. ‘ತೇರಿನ ಮುನ್ನಾದಿನ ಮಾಡು’ ಎಂದು ಈ ಐದು ಮನೆಗಳಲ್ಲಿ ಹೇಳಲು ಬರುವುದಿಲ್ಲ. ಪಂಚಾಂಗ ನೋಡುವವರೊಬ್ಬರು ಪ್ರತಿವರ್ಷ ತಾರೀಖನ್ನು ತಿದ್ದಿಕೊಡಲೇಬೇಕು.

ಇನ್ನೊಂದು ವಿಚಿತ್ರವೂ ಇದೆ. ತಾರೀಖಿನ ಮನೆಯಲ್ಲಿ 13, ವಾರದ ಮನೆಯಲ್ಲಿ ಶುಕ್ರವಾರ ಎಂದು ಬರೆದರೆ ‘13ನೇ ತಾರೀಖು ಶುಕ್ರವಾರವಾದಾಗ’ ಎಂದು ನಾವು ಓದುತ್ತೇವೆ. ಕ್ರಾನ್ ಹಾಗೆ ಓದುವುದಿಲ್ಲ. ಪ್ರತಿ 13ನೇ ತಾರೀಖು ಮಾಡುತ್ತದೆ, ಪ್ರತಿ ಶುಕ್ರವಾರವೂ ಮಾಡುತ್ತದೆ. ಬರೆದವರ ಮನಸ್ಸಿನಲ್ಲಿದ್ದ ‘ಮತ್ತು’ ಯಂತ್ರಕ್ಕೆ ‘ಅಥವಾ’ ಆಗಿಬಿಡುತ್ತದೆ.

ರೈಲಿನ ಕಾಲದ ಹಳೆಯ ಪ್ರಶ್ನೆಯೂ ಇಲ್ಲಿ ಮರಳಿ ಬರುತ್ತದೆ. ಬಹಳಷ್ಟು ಸರ್ವರ್ ಯಂತ್ರಗಳ ಗಡಿಯಾರ ಗ್ರೀನಿಚ್‌ಗೆ ಸರಿಹೊಂದುವ ಅಂತರರಾಷ್ಟ್ರೀಯ ಕಾಲದಲ್ಲಿರುತ್ತದೆ. ಅಂಥ ಯಂತ್ರಕ್ಕೆ ‘ಎಂಟೂವರೆಗೆ ಮಾಡು’ ಎಂದರೆ ನಮ್ಮೂರಿನಲ್ಲಿ ಮಧ್ಯಾಹ್ನ ಎರಡು ಗಂಟೆಯಾಗಿರುತ್ತದೆ. ಹವಾಮಾನ ಇಲಾಖೆಯವರು ದೇಶದಾದ್ಯಂತ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆಯುವುದಕ್ಕೂ ಈ ಅಂತರದ ಲೆಕ್ಕವೇ ಕಾರಣ. ಅದು ಅಂತರರಾಷ್ಟ್ರೀಯ ಕಾಲದ ಮೂರು ಗಂಟೆ.

ಕಾವಲುಗಾರನಿಗೆ ನಿದ್ದೆ

ಮೊದಲ ಕ್ರಾನ್ ಬಹಳ ಸರಳ. ನಿಮಿಷಕ್ಕೊಮ್ಮೆ ಎಚ್ಚರಗೊಂಡು ಪಟ್ಟಿಯನ್ನು ಮೇಲಿಂದ ಕೆಳಗಿನವರೆಗೆ ಓದಿ, ಈ ನಿಮಿಷಕ್ಕೆ ಏನಿದೆ ಎಂದು ನೋಡುವುದು, ಇದ್ದರೆ ಮಾಡುವುದು, ಮತ್ತೆ ಮಲಗುವುದು. ಪಟ್ಟಿ ಇಡೀ ಯಂತ್ರಕ್ಕೆ ಒಂದೇ, ಮೇಲ್ವಿಚಾರಕನ ಕೈಯಲ್ಲಿ. ಯಂತ್ರವನ್ನು ಹಂಚಿಕೊಂಡಿದ್ದ ಉಳಿದವರಿಗೆ ತಮ್ಮದೇ ಪಟ್ಟಿ ಇರಲಿಲ್ಲ.

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಸುಮಾರು ನೂರು ಮಂದಿ ಹಂಚಿಕೊಂಡಿದ್ದ ಒಂದು ವ್ಯಾಕ್ಸ್ ಯಂತ್ರದಲ್ಲಿ ಎಲ್ಲರಿಗೂ ಈ ಸೌಲಭ್ಯ ಕೊಡಲು ಹೋದಾಗ ಯಂತ್ರಕ್ಕೆ ಹೊರೆ ಹೆಚ್ಚಾಯಿತು. ನಿಮಿಷ ನಿಮಿಷಕ್ಕೂ ನೂರು ಪಟ್ಟಿ ಓದುವುದೇ ಒಂದು ಕೆಲಸವಾಯಿತು. ಅಲ್ಲಿನ ವಿದ್ಯಾರ್ಥಿ ರಾಬರ್ಟ್ ಬ್ರೌನ್ 1977ರಲ್ಲಿ ಪ್ರಕಟವಾಗಿದ್ದ ಒಂದು ಪ್ರಬಂಧವನ್ನು ಓದಿ ಬೇರೆ ದಾರಿ ಹಿಡಿದರು. ಕೆಲಸಗಳನ್ನೆಲ್ಲ ಅವು ಬರಬೇಕಾದ ಹೊತ್ತಿನ ಕ್ರಮದಲ್ಲಿ ಸಾಲಾಗಿ ನಿಲ್ಲಿಸುವುದು, ಮೊದಲ ಕೆಲಸದ ಹೊತ್ತು ಬರುವವರೆಗೆ ನಿಶ್ಚಿಂತೆಯಿಂದ ಮಲಗುವುದು. ಗಳಿಗೆಗೊಮ್ಮೆ ಊರು ಸುತ್ತುವ ತಳವಾರನ ಬದಲು, ಅಲಾರಂ ಇಟ್ಟು ಮಲಗುವ ಪ್ರಯಾಣಿಕನ ಉಪಾಯ ಇದು. ಯುನಿಕ್ಸಿನ ‘ಸಿಸ್ಟಂ ಫೈವ್’ ಆವೃತ್ತಿಯಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ತನ್ನದೇ ಪಟ್ಟಿ ಬಂತು.

1987ರಲ್ಲಿ ಪಾಲ್ ವಿಕ್ಸಿ ಎಂಬ ಅಮೆರಿಕನ್ ತಂತ್ರಜ್ಞ ಹೊಸದಾಗಿ ಒಂದು ಕ್ರಾನ್ ಬರೆದು ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟರು. ಮುಂದೆ ಬಂದ ಲಿನಕ್ಸ್ ಯಂತ್ರಗಳಲ್ಲಿ ನೆಲೆಯೂರಿದ್ದು ಇದೇ ವಂಶ. ವಿಂಡೋಸ್ ಬಳಸುವವರಿಗೆ ಮೊದಲು ‘ಅಟ್’ ಎಂಬ ಆಜ್ಞೆಯೂ, 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ‘ಸ್ಕೆಡ್‌ಟಾಸ್ಕ್ಸ್’ ಎಂಬ ಆಜ್ಞೆಯೂ ದೊರೆತವು. ಹೆಸರು ಬೇರೆ, ತತ್ವ ಒಂದೇ.

ಅರ್ಧ ಗಂಟೆಗೊಮ್ಮೆ ಹಣ

ಇದೆಲ್ಲ ಕಂಪ್ಯೂಟರ್ ಬಲ್ಲವರ ಉಸಾಬರಿ ಎಂದುಕೊಳ್ಳುವಂತಿಲ್ಲ. ಕುಷ್ಟಗಿಯ ತಂದೆ ಧಾರವಾಡದಲ್ಲಿ ಓದುವ ಮಗಳಿಗೆ ಬ್ಯಾಂಕಿನಿಂದ ಎನ್‌ಇಎಫ್‌ಟಿ ಮೂಲಕ ಹಣ ಕಳಿಸಿದರೆ ಅದು ಆ ಕ್ಷಣಕ್ಕೇ ಹೊರಡುವುದಿಲ್ಲ. ಮುಂದಿನ ಅರ್ಧ ಗಂಟೆಯ ಗಾಡಿಗೆ ಕಾಯುತ್ತದೆ. 2005ರಲ್ಲಿ ಆರಂಭವಾದ ಈ ವ್ಯವಸ್ಥೆ 2019ರ ಡಿಸೆಂಬರ್ 16ರಿಂದ ಹಗಲು ರಾತ್ರಿ ನಡೆಯುತ್ತಿದೆ. ಅರ್ಧ ಗಂಟೆಗೊಂದರಂತೆ ದಿನಕ್ಕೆ 48 ಕಂತು. ಸಾಲದ ಕಂತು, ಸಂಬಳ, ಪಿಂಚಣಿಗಳನ್ನು ಒಟ್ಟೊಟ್ಟಾಗಿ ದಾಟಿಸುವ ‘ನಾಚ್’ ವ್ಯವಸ್ಥೆ 2021ರ ಆಗಸ್ಟ್ 1ರಿಂದ ವಾರದ ಏಳೂ ದಿನ ನಡೆಯುತ್ತದೆ. ಅದಕ್ಕೆ ಮೊದಲು ಕಂತಿನ ತಾರೀಖು ಭಾನುವಾರ ಬಿದ್ದರೆ ಸಾಲಗಾರನಿಗೆ ಒಂದು ದಿನದ ಉಸಿರು ಸಿಗುತ್ತಿತ್ತು. ಈಗ ಭಾನುವಾರವೂ ಖಾತೆಯಲ್ಲಿ ಹಣ ಇರಲೇಬೇಕು, ಇಲ್ಲದಿದ್ದರೆ ದಂಡ. ವೇಳಾಪಟ್ಟಿಯಲ್ಲಿ ಆದ ಒಂದು ತಿದ್ದುಪಡಿ ಟ್ರ್ಯಾಕ್ಟರ್ ಸಾಲ ಮಾಡಿದ ರೈತನ ಶನಿವಾರದ ಸಂತೆಯ ಲೆಕ್ಕವನ್ನು ಬದಲಿಸುತ್ತದೆ.

ಒಂದು ಅಕ್ಷರದ ಅಂತರ

ಕ್ರಾನ್‌ಟ್ಯಾಬ್ ಆಜ್ಞೆಗೆ ಮೂರು ಮುಖ್ಯ ರೂಪಗಳಿವೆ. ಮುಂದೆ ಅಡ್ಡಗೆರೆ ಹಾಕಿ ‘ಎಲ್’ ಬರೆದರೆ ಪಟ್ಟಿಯನ್ನು ತೋರಿಸುತ್ತದೆ. ‘ಇ’ ಬರೆದರೆ ತಿದ್ದಲು ತೆರೆಯುತ್ತದೆ. ‘ಆರ್’ ಬರೆದರೆ ಇಡೀ ಪಟ್ಟಿಯನ್ನು ಅಳಿಸಿಹಾಕುತ್ತದೆ. ಹೆಚ್ಚಿನ ಯಂತ್ರಗಳಲ್ಲಿ ‘ಖಚಿತವೇ?’ ಎಂದು ಕೇಳುವುದೂ ಇಲ್ಲ. ಇಂಗ್ಲಿಷ್ ಕೀಲಿಮಣೆಯಲ್ಲಿ ಇ ಮತ್ತು ಆರ್ ಅಕ್ಕಪಕ್ಕದ ಕೀಲಿಗಳು. ತಿದ್ದಲು ಹೊರಟ ಬೆರಳು ಅರ್ಧ ಅಂಗುಲ ಸರಿದರೆ ವರ್ಷಗಳ ಆಜ್ಞೆಗಳು ಮಾಯ. ಆ ಕ್ಷಣಕ್ಕೆ ಯಾವ ಸದ್ದೂ ಆಗುವುದಿಲ್ಲ. ರಾತ್ರಿ ಎರಡಕ್ಕೆ ಆಗಬೇಕಾದ ಕೆಲಸ ಆಗದಿದ್ದಾಗಲೇ ಗೊತ್ತಾಗುವುದು. ಅದೂ ಯಾರಾದರೂ ನೋಡಿದರೆ. ಅನುಭವಸ್ಥರು ಮೊದಲು ಪಟ್ಟಿಯ ಒಂದು ನಕಲನ್ನು ಬೇರೆ ಕಡೆ ಇಟ್ಟುಕೊಂಡೇ ತಿದ್ದಲು ಕೂರುವುದು ಇದಕ್ಕಾಗಿ.

ದೊಡ್ಡ ಸಂಸ್ಥೆಗಳಲ್ಲಿ ಈ ಕೆಲಸಕ್ಕೆ ಕ್ರಾನ್‌ಗಿಂತ ಭಾರಿ ತಂತ್ರಾಂಶಗಳಿವೆ. ಅವೂ ಎಡವುತ್ತವೆ. 2012ರ ಜೂನ್‌ನಲ್ಲಿ ಬ್ರಿಟನ್ನಿನ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಸಮೂಹದಲ್ಲಿ ರಾತ್ರಿಯ ಲೆಕ್ಕಗಳನ್ನು ಸರದಿಯಲ್ಲಿ ನಡೆಸುವ ತಂತ್ರಾಂಶವನ್ನು ನವೀಕರಿಸಿದರು. ತೊಂದರೆ ಕಂಡಾಗ ಹಳೆಯದಕ್ಕೆ ಮರಳಲು ಹೋದರು, ಸರದಿ ಪೂರಾ ಕೆಟ್ಟಿತು. ಅಲ್ಲಿ 65 ಲಕ್ಷಕ್ಕೂ ಹೆಚ್ಚು ಗ್ರಾಹಕರು ತೊಂದರೆಗೊಳಗಾದರು. ಖಾತೆಯಲ್ಲಿ ಎಷ್ಟಿದೆ ಎಂಬುದೇ ತಿಳಿಯದಾಯಿತು, ಸಂಬಳ ಜಮೆಯಾಗಲಿಲ್ಲ, ಕಂತು ಕಟ್ಟಲಾಗಲಿಲ್ಲ. ಪೂರ್ತಿ ಸರಿಹೋಗಲು ವಾರಗಳೇ ಬೇಕಾದವು. 2014ರ ನವೆಂಬರ್‌ನಲ್ಲಿ ಅಲ್ಲಿನ ಎರಡು ನಿಯಂತ್ರಣ ಸಂಸ್ಥೆಗಳು ಸೇರಿ 5.6 ಕೋಟಿ ಪೌಂಡ್ ದಂಡ ವಿಧಿಸಿದವು. ಕಳ್ಳತನವಿಲ್ಲ, ವಂಚನೆಯಿಲ್ಲ; ಕೆಟ್ಟದ್ದು ಕೆಲಸಗಳ ಸರದಿ ಮಾತ್ರ.

ಮೌನಕ್ಕೆ ಎರಡು ಅರ್ಥ

ಇಂಥ ಕೆಲಸಗಳ ನಿಜವಾದ ಅಪಾಯ ತಪ್ಪಾಗಿ ಆಗುವುದಕ್ಕಿಂತ ಆಗದೇ ಉಳಿಯುವುದರಲ್ಲಿದೆ. ತಪ್ಪಾಗಿ ಆದದ್ದು ಕಣ್ಣಿಗೆ ಬೀಳುತ್ತದೆ. ಆಗದೇ ಉಳಿದದ್ದಕ್ಕೆ ರೂಪವಿಲ್ಲ. ಹಿಂದಿನವರಿಗೂ ಇದು ಹೊಳೆದಿತ್ತು. ಕೆಲಸ ಮಾಡುವಾಗ ಏನಾದರೂ ದೋಷದ ಮಾತು ಬಂದರೆ ಅದನ್ನು ಪಟ್ಟಿಯ ಒಡೆಯನಿಗೆ ಅಂಚೆಯಾಗಿ ಕಳಿಸುವ ರೂಢಿಯನ್ನು ಕ್ರಾನ್‌ಗೆ ಕಲಿಸಿದರು. ಆದರೆ ದಿನವೂ ಬರುವ ಅಂಚೆಗೆ ಬೇಸತ್ತು ಅದನ್ನು ನೇರವಾಗಿ ಕಸದ ಬುಟ್ಟಿಗೆ ತಿರುಗಿಸಿಬಿಡುವವರು ಬಹಳ. ಅಲ್ಲದೆ ಯಂತ್ರವೇ ಆರಿಹೋಗಿದ್ದರೆ ಅಂಚೆ ಬರೆಯುವವರು ಯಾರು? ರಾತ್ರಿ ಎರಡಕ್ಕೆ ಕರೆಂಟು ಹೋಗಿ ಮೂರಕ್ಕೆ ಬಂದರೆ ಹಳೆಯ ಕ್ರಾನ್ ಎರಡರ ಕೆಲಸವನ್ನು ಮರೆತೇಬಿಡುತ್ತದೆ. ತಪ್ಪಿದ ಸರದಿಯನ್ನು ಆಮೇಲೆ ತೀರಿಸಲು ‘ಅನಾಕ್ರಾನ್’ ಎಂಬ ಇನ್ನೊಂದು ಪ್ರೋಗ್ರಾಮು ಬರಬೇಕಾಯಿತು.

ಈಗ ಮತ್ತೆ ನಮ್ಮ ಮಳೆಮಾಪಕಕ್ಕೆ ಬರೋಣ. ಕೊಪ್ಪಳ ಜಿಲ್ಲೆಯ ವರ್ಷದ ವಾಡಿಕೆ ಮಳೆ 600 ಮಿಲಿಮೀಟರ್ ಆಸುಪಾಸು. ಗಂಗಾವತಿಗೆ ಕಾಲುವೆ ಇದೆ. ಕುಷ್ಟಗಿ, ಯಲಬುರ್ಗಾದ ಬಹುಪಾಲು ಹೊಲಗಳಿಗೆ ಮುಗಿಲೇ ಗತಿ. ಬೋರ್‌ವೆಲ್ ನೀರು ನಂಬಿ ಅಲ್ಲಿ ದಾಳಿಂಬೆ ಹಾಕಿದವರೂ ಹಲವರು. 2016ರಿಂದ ಹೊಸ ರೂಪದಲ್ಲಿ ಬಂದ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ದಾಳಿಂಬೆಯಂಥ ತೋಟಗಾರಿಕೆ ಬೆಳೆಗಳಿಗೆ ಪರಿಹಾರ ನಿರ್ಧಾರವಾಗುವುದು ತೋಟವನ್ನು ನೋಡಿ ಅಲ್ಲ, ಗೊತ್ತುಮಾಡಿದ ಮಾಪಕದ ಅಂಕಿಯನ್ನು ನೋಡಿ. ಇಂಥ ಅವಧಿಯಲ್ಲಿ ಇಷ್ಟಕ್ಕಿಂತ ಕಡಿಮೆ ಅಥವಾ ಇಷ್ಟಕ್ಕಿಂತ ಹೆಚ್ಚು ಮಳೆಯಾದರೆ ಇಷ್ಟು ರೂಪಾಯಿ ಎಂಬುದು ಅದರ ಕರಾರು.

ಇಲ್ಲಿ ‘ಮಳೆ ಇಲ್ಲ’ ಎಂಬುದೂ ‘ವರದಿ ಇಲ್ಲ’ ಎಂಬುದೂ ಒಂದೇ ಅಲ್ಲ. ಸ್ವಯಂಚಾಲಿತ ಮಾಪಕಗಳಲ್ಲಿ ಸಾಮಾನ್ಯವಾಗಿ ತಕ್ಕಡಿಯಂತೆ ಓಲಾಡುವ ಪುಟ್ಟ ಬಟ್ಟಲುಗಳಿರುತ್ತವೆ. ಒಂದು ತುಂಬಿದೊಡನೆ ಮಗುಚಿ ಲೆಕ್ಕ ಒಂದು ಏರುತ್ತದೆ. ಮೇಲಿನ ಆಲಿಕೆಗೆ ಎಲೆ, ಹಕ್ಕಿಯ ಹಿಕ್ಕೆ, ಧೂಳು ಕಟ್ಟಿಕೊಂಡರೆ ಸುರಿವ ಮಳೆಯಲ್ಲೂ ಬಟ್ಟಲು ಮಗುಚದು. ಹದಿನೈದು ನಿಮಿಷದ ಆಜ್ಞೆ ಮಾತ್ರ ತಪ್ಪದೆ ನಡೆದು ‘ಸೊನ್ನೆ’ ಎಂದು ಕಳಿಸುತ್ತದೆ. ಬ್ಯಾಟರಿ ಸತ್ತರೆ, ಮೊಬೈಲ್ ಜಾಲ ಸಿಗದಿದ್ದರೆ ಸೊನ್ನೆಯೂ ಬರುವುದಿಲ್ಲ, ಬರೀ ಖಾಲಿ. ಖಾಲಿಯನ್ನು ಸೊನ್ನೆ ಎಂದು ಓದಿದರೆ ಒಬ್ಬರಿಗೆ ಸಲ್ಲದ ಪರಿಹಾರ, ಸೊನ್ನೆಯನ್ನು ನಿಜವೆಂದು ನಂಬಿದರೆ ಅತಿಮಳೆಯಿಂದ ಹೂ ಉದುರಿದ ತೋಟದವನಿಗೆ ಬರಬೇಕಾದ್ದು ಬರದು. ಆಜ್ಞೆ ನಡೆದಿದೆಯೇ ಎಂಬುದೊಂದು ಪ್ರಶ್ನೆ, ಕೆಲಸ ಆಗಿದೆಯೇ ಎಂಬುದು ಮತ್ತೊಂದು.

ಇದಕ್ಕೆ ಔಷಧ ಹಳೆಯದೇ. ಗಳಿಗೆ ಬಟ್ಟಲಿನ ಮುಂದೆ ಒಬ್ಬ ಕುಳಿತಿದ್ದ. ಕಾಲುವೆಯ ಕೊನೆಯಲ್ಲಿ ನೀರು ಮುಟ್ಟಿತೇ ಎಂದು ನೋಡುವವನೊಬ್ಬ ಬೇಕು. ಕ್ರಾನ್‌ಗೆ ಕೆಲಸ ಒಪ್ಪಿಸಿದ ಎಚ್ಚರದ ತಂತ್ರಜ್ಞರು ಇಂದು ಲೆಕ್ಕವನ್ನು ತಿರುವುಮುರುವು ಮಾಡಿದ್ದಾರೆ. ತಪ್ಪಾದಾಗ ಕೂಗು ಎಂದು ಯಂತ್ರಕ್ಕೆ ಹೇಳುವ ಬದಲು, ಸರಿಯಾದಾಗಲೆಲ್ಲ ‘ಆಯಿತು’ ಎನ್ನು ಎಂದು ಹೇಳುತ್ತಾರೆ. ಆ ‘ಆಯಿತು’ ಹೊತ್ತಿಗೆ ಬರದಿದ್ದರೆ ಇನ್ನೊಂದು ಯಂತ್ರ ಮನುಷ್ಯನನ್ನು ಎಬ್ಬಿಸುತ್ತದೆ. ಊರಿಗೆ ಹೋದ ಮಗನಿಗೆ ‘ಮುಟ್ಟಿದ ಮೇಲೆ ಫೋನ್ ಮಾಡು’ ಎಂದು ತಾಯಿ ಹೇಳುವುದರ ಹಿಂದಿನ ವಿವೇಕವೂ ಇದೇ.

ನಮ್ಮ ಪಂಚಾಯ್ತಿಯ ಮಾಪಕದ ಮಟ್ಟಿಗೆ ಈ ಕೆಲಸಕ್ಕೆ ಡಿಪ್ಲೊಮಾ ಬೇಕಿಲ್ಲ. ಮುಂಗಾರಿನ ಮೊದಲು ಯಾರಾದರೂ ಅದರ ಮುಚ್ಚಳದ ಧೂಳನ್ನು ನೋಡಬೇಕು. ಊರಿನಲ್ಲಿ ಮಳೆ ಬಂದ ಮರುದಿನ, ಅಲ್ಲಿ ಬಂದ ಅಂಕಿ ಎಷ್ಟು ಎಂದು ಕೇಳಬೇಕು. ಊರೆಲ್ಲ ತೊಯ್ದಿದ್ದಾಗ ಅಂಕಿ ಸೊನ್ನೆಯಾಗಿದ್ದರೆ ಅಂದೇ ಲಿಖಿತ ದೂರು ಕೊಡಬೇಕು. ದಿನಕ್ಕೆ 96 ಸಲ ತಪ್ಪದೆ ದುಡಿಯುವ ಆಳಿಗೆ ದಿನಕ್ಕೊಮ್ಮೆಯಾದರೂ ಒಬ್ಬ ಮೇಸ್ತ್ರಿ ಬೇಕು.